ಪೈರಿನ ರೋಗಗಳ ಮೂಲವನ್ನು ಪತ್ತೆಮಾಡುವುದರಲ್ಲಿ ಡಿ. ಎನ್. ಎ. ವಾಚನದ ಉಪಯೋಗ

ಪೈರಿಗೆ ತಗಲಿದ ರೋಗವನ್ನು ನಿವಾರಿಸಬೇಕಾದರೆ ಮೊದಲು ಆ ರೋಗವು ಯಾವುದೆಂಬುದನ್ನು ಸರಿಯಾಗಿ ನಿರ್ಣಯಿಸಬೇಕೆಂಬುದು ವ್ಯವಸಾಯಗಾರರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ತಪ್ಪಾಗಿ ಗುರುತಿಸಿದ ರೋಗಕ್ಕೆ ಔಷಧವನ್ನು ಸಿಂಪಡಿಸಿದರೆ ಹಣವೂ ಹೋಗುವುದು, ಕಾಲವೂ ಮೀರುವುದು. ಬಹುಕಾಲದಿಂದ ಈ ನಿರ್ಣಯವನ್ನು ಎಲೆಯ ಮೇಲಣ ಮಚ್ಚೆಗಳ ಬಣ್ಣ ಮತ್ತು ಆಕಾರಗಳಿಂದಲೂ, ಸೂಕ್ಷ್ಮದರ್ಶಕ ಯಂತ್ರದಲ್ಲಿ ಕಾಣುವ ಬೂಷ್ಟಿನ ಬೀಜಕಣಗಳಿಂದಲೂ ಮಾಡುತ್ತ ಬಂದಿರುವರು. ಈ ಕ್ರಮವು ಈಗಲೂ ಅವಶ್ಯಕವೇ. ಆದರೆ ಕಣ್ಣಿಗೆ ಒಂದೇ ತೆರನಾಗಿ ತೋರುವ ಎರಡು ಬೂಷ್ಟುಗಳು ಗುಣದಲ್ಲಿ ಬೇರೆ ಬೇರೆಯಾಗಿರುವುದುಂಟು. ಒಂದು ಭತ್ತವನ್ನು ಹಿಡಿದರೆ ಮತ್ತೊಂದು ಗೋಧಿಯನ್ನು ಹಿಡಿಯಬಹುದು. ಇಂಥ ಸಂದರ್ಭಗಳಲ್ಲಿ ಜೀವಿಯ ಡಿ. ಎನ್. ಎ.ಯನ್ನೇ ಅಕ್ಷರ ಅಕ್ಷರವಾಗಿ ಓದಿ ಅದರ ಕುಲವನ್ನು ತಿಳಿಯುವ ವಿಧಾನವು ಬಳಕೆಗೆ ಬಂದಿದೆ. ಈ ವಿಧಾನದ ಸ್ವರೂಪವನ್ನೂ, ಅದರಿಂದ ಬೇಸಾಯಕ್ಕೆ ಆಗಿರುವ ಪ್ರಯೋಜನವನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಿದೆ.

ಬಾಂಗ್ಲಾದೇಶದಲ್ಲಿ ಗೋಧಿಗೆ ಬಂದ ವಿಪತ್ತು

2016ನೆಯ ಇಸವಿ ಫೆಬ್ರವರಿ ತಿಂಗಳಿನಲ್ಲಿ ಬಾಂಗ್ಲಾದೇಶದ ಎಂಟು ಜಿಲ್ಲೆಗಳ ಗೋಧಿ ಹೊಲಗಳಲ್ಲಿ ಅದುವರೆಗೆ ಅಲ್ಲಿ ಯಾರೂ ನೋಡದಿದ್ದ ಒಂದು ರೋಗವು ಕಾಣಿಸಿಕೊಂಡಿತು. ಎಲೆಗಳೂ ಕಾಂಡವೂ ಹಸುರಾಗಿಯೇ ಇದ್ದು, ತೆನೆಗಳು ಮಾತ್ರ ಬಿಳಿಚಿಕೊಂಡವು. ದೂರದಿಂದ ನೋಡಿದವರಿಗೆ ಪೈರು ಮಾಗಿದಂತೆ ತೋರುತ್ತಿತ್ತು. ತೆನೆಯನ್ನು ತಿಕ್ಕಿ ನೋಡಿದರೆ ಒಳಗೆ ಜೊಳ್ಳು ಅಥವಾ ಮುರುಟಿದ ಕಾಳುಗಳಿದ್ದವು. ರೋಗವು ತೆನೆಯ ದಿಂಡಿನ ಒಂದು ಸ್ಥಳದಲ್ಲಿ ಹತ್ತಿ, ಅಲ್ಲಿಂದ ಮೇಲಕ್ಕೆ ರಸವು ಹರಿಯದಂತೆ ತಡೆಯುವುದೇ ಇದಕ್ಕೆ ಕಾರಣ. ಸುಮಾರು 15,000 ಹೆಕ್ಟೇರು, ಅಂದರೆ 37,000 ಎಕರೆಗಳಷ್ಟು ಪೈರು ರೋಗಕ್ಕೆ ಸಿಕ್ಕಿತು. ಕೆಲವು ಹೊಲಗಳಲ್ಲಿ ಬೆಳೆಯು ಪೂರ್ತಿಯಾಗಿ ನಾಶವಾಯಿತು. ರೋಗವು ಹರಡದಿರಲೆಂದು ಕೆಲವೆಡೆ ನಿಂತ ಪೈರನ್ನೇ ಸುಟ್ಟರು.

ಲಕ್ಷಣಗಳಿಂದ ಇದು ಬೆಂಕಿರೋಗವೆಂದು ಊಹಿಸಲಾಯಿತು. ಈ ರೋಗವನ್ನುಂಟುಮಾಡುವ ಬೂಷ್ಟಿಗೆ ಮ್ಯಾಗ್ನಪೋರ್ತೆ ಒರೈಜೇ ಎಂದು ಹೆಸರು. ನಮ್ಮ ಸೀಮೆಯಲ್ಲಿ ಭತ್ತಕ್ಕೂ ರಾಗಿಗೂ ಬರುವ ಬೆಂಕಿರೋಗಕ್ಕೆ ಇದೇ ಜಾತಿಯ ಬೂಷ್ಟು ಕಾರಣವಾಗಿದೆ. ಆದರೆ ಈ ಜಾತಿಯಲ್ಲಿ ಹಲವು ಪಂಗಡಗಳುಂಟು. ಭತ್ತದ ಪಂಗಡವು ಸಾಮಾನ್ಯವಾಗಿ ಭತ್ತವನ್ನೂ, ರಾಗಿಯ ಪಂಗಡವು ರಾಗಿಯನ್ನೂ ಆಶ್ರಯಿಸಿರುವುವು. ಗೋಧಿಯನ್ನು ಹಿಡಿಯುವ ಪಂಗಡವು ಮೊಟ್ಟಮೊದಲು 1985ರಲ್ಲಿ ಬ್ರೆಜಿಲ್ ದೇಶದ ಪರಾನಾ ಪ್ರಾಂತ್ಯದಲ್ಲಿ ಕಂಡುಬಂದು, ಆ ಮೇಲೆ ಬೊಲಿವಿಯ, ಪರಾಗ್ವೆ, ಅರ್ಜೆಂಟೀನ ದೇಶಗಳಿಗೆ ಹರಡಿತ್ತು. 2016ರವರೆಗೆ ಅದು ಏಷ್ಯಾ ಖಂಡದಲ್ಲಿ ಕಾಣಿಸಿಕೊಂಡಿರಲಿಲ್ಲ.

ಹೀಗಿರುವಲ್ಲಿ ಒಂದು ಪ್ರಶ್ನೆಯು ಎದ್ದಿತು. ಬಾಂಗ್ಲಾದೇಶದ ಗೋಧಿಗೆ ಬಂದ ಬೂಷ್ಟು ಅಲ್ಲಿಯ ಭತ್ತದಿಂದಲೋ ಹುಲ್ಲುಗಳಿಂದಲೋ ಗೋಧಿಗೆ ಹಾರಿದುದೇ, ಅಥವಾ ಹೊರದೇಶದಿಂದ ಬಂದುದೇ? ಸ್ಥಳೀಯವಾದುದಾದರೆ, ಧಾನ್ಯದ ಆಮದನ್ನು ಎಷ್ಟು ಪರೀಕ್ಷಿಸಿದರೂ ಉಪಯೋಗವಿಲ್ಲ. ಭತ್ತ ಬೆಳೆಯುವ ಪ್ರತಿಯೊಂದು ಸೀಮೆಯ ಗೋಧಿಗೂ ಅಪಾಯವಿರುವುದು. ಹೊರಗಿನಿಂದ ಬಂದುದಾದರೆ, ಬೀಜ ಮತ್ತು ಧಾನ್ಯಗಳ ಸಾಗಾಣಿಕೆಯನ್ನು ಬಿಗಿಪಡಿಸಬೇಕು. ಆ ಹೊರದೇಶದಲ್ಲಿ ರೋಗವನ್ನು ತಡೆದ ತಳಿಗಳು ಇಲ್ಲಿಯೂ ತಡೆಯುವುವೆಂದು ನಿರೀಕ್ಷಿಸಬಹುದು. ಮುಂದಿನ ಹಂಗಾಮಿನ ಬಿತ್ತನೆಗೆ ಮೊದಲೇ ಇದಕ್ಕೆ ಉತ್ತರ ದೊರೆಯಬೇಕಾಗಿದ್ದಿತು. ಸೂಕ್ಷ್ಮದರ್ಶಕದಲ್ಲಿ ಎಲ್ಲ ಪಂಗಡಗಳ ಬೀಜಕಣಗಳೂ ಒಂದೇ ಬಗೆಯಾಗಿ ಕಾಣುವುದರಿಂದ ಆ ಯಂತ್ರವು ಇಲ್ಲಿ ಸಾಕಾಗಲಿಲ್ಲ.

ಡಿ. ಎನ್. ಎ. ಎಂದರೇನು?

ಪ್ರತಿಯೊಂದು ಜೀವಕೋಶದಲ್ಲಿಯೂ ವಂಶಗುಣಗಳನ್ನು ಹೊತ್ತಿರುವ ಅತಿ ಸೂಕ್ಷ್ಮವಾದ ಎಳೆಗಳಿರುವುವು. ಈ ಎಳೆಗಳ ಮುಖ್ಯ ದ್ರವ್ಯವೇ ಡಿ. ಎನ್. ಎ. ಇದರಲ್ಲಿ ಅಡಿನೀನ್, ಥೈಮೀನ್, ಗ್ವಾನೀನ್, ಸೈಟೋಸೀನ್ ಎಂಬ ನಾಲ್ಕು ಘಟಕಗಳು ಸಾಲಾಗಿ ಪೋಣಿಸಲ್ಪಟ್ಟಿವೆ. ಇವನ್ನು ಸಂಕ್ಷೇಪವಾಗಿ ಎ, ಟಿ, ಜಿ, ಸಿ ಎಂಬ ಅಕ್ಷರಗಳಿಂದ ಸೂಚಿಸುವರು. ಎರಡು ಎಳೆಗಳು ಹುರಿಯಂತೆ ಸುತ್ತಿಕೊಂಡು, ಒಂದರ ಎ ಇನ್ನೊಂದರ ಟಿ ಯೊಡನೆಯೂ, ಒಂದರ ಜಿ ಇನ್ನೊಂದರ ಸಿ ಯೊಡನೆಯೂ ಜೊತೆಗೂಡಿರುವುವು. ಈ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬುವರು ಪ್ರಕಟಿಸಿದರು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಶಾಲೆಯಲ್ಲಿ ತೆಗೆದ ಎಕ್ಸ್-ಕಿರಣ ಚಿತ್ರಗಳು ಅದಕ್ಕೆ ಆಧಾರವಾದವು.

ಒಂದು ಎಳೆಯ ಅಕ್ಷರಗಳು ತಿಳಿದರೆ ಇನ್ನೊಂದರವು ತಾವಾಗಿಯೇ ತಿಳಿಯುವುವು. ನಾಲ್ಕೇ ಅಕ್ಷರಗಳಾದರೂ, ಅವು ಬರುವ ಕ್ರಮದ ಭೇದದಿಂದಲೇ ರಾಗಿಯು ರಾಗಿಯಾಗಿಯೂ ಬೂಷ್ಟು ಬೂಷ್ಟಾಗಿಯೂ ಬೆಳೆಯುವುವು. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರವು ಬದಲಾಗುವುದುಂಟು. ಆದುದರಿಂದ ಎರಡು ಜೀವಿಗಳ ಬರಹದಲ್ಲಿ ಭೇದಗಳು ಕಡಮೆಯಾದಷ್ಟೂ ಅವುಗಳ ನಂಟು ಹತ್ತಿರವೆಂದು ತಿಳಿಯಬಹುದು.

ಸ್ಯಾಂಗರರ ಕ್ರಮ

ಈ ಅಕ್ಷರಗಳನ್ನು ಓದುವ ಸುಲಭವಾದ ಕ್ರಮವನ್ನು ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಫ್ರೆಡರಿಕ್ ಸ್ಯಾಂಗರ್ ಎಂಬ ರಸಾಯನಶಾಸ್ತ್ರಜ್ಞರು 1977ರಲ್ಲಿ ಪ್ರಕಟಿಸಿದರು. ಜೀವಕೋಶದಲ್ಲಿ ಡಿ. ಎನ್. ಎ.ಯನ್ನು ನಕಲು ಮಾಡುವ ಒಂದು ಕಿಣ್ವವುಂಟು. ಗಾಜಿನ ನಳಿಗೆಯಲ್ಲಿ ಓದಬೇಕಾದ ಎಳೆಯನ್ನೂ, ಈ ಕಿಣ್ವವನ್ನೂ, ನಾಲ್ಕು ಘಟಕಗಳನ್ನೂ ಸೇರಿಸಿದರೆ ನಕಲು ಬೆಳೆಯುವುದು. ಸ್ಯಾಂಗರರು ಇದರೊಡನೆ ಒಂದು ಅಕ್ಷರದ ಮಾರ್ಪಡಿಸಿದ ಘಟಕವನ್ನು ಸ್ವಲ್ಪವಾಗಿ ಬೆರೆಸಿದರು. ಮಾರ್ಪಡಿಸಿದ ಈ ಘಟಕವು ಮುಂದಿನ ಕೊಂಡಿಯಿಲ್ಲದ ಸರಪಳಿಯ ಬಳೆಯಂತೆ. ಅದು ಎಲ್ಲಿ ಸೇರಿತೋ ಅಲ್ಲಿಗೆ ನಕಲು ನಿಲ್ಲುವುದು.

ದೃಷ್ಟಾಂತಕ್ಕಾಗಿ, ಬೆಳೆಯಬೇಕಾದ ನಕಲು ಎ ಜಿ ಟಿ ಸಿ ಎ ಎಂದಿರಲಿ. ಎ ಯನ್ನು ತಡೆಯುವ ನಳಿಗೆಯಲ್ಲಿ ಒಂದು ಅಕ್ಷರದ ಮತ್ತು ಐದು ಅಕ್ಷರಗಳ ತುಂಡುಗಳು ದೊರೆಯುವುವು. ಜಿ ಯ ನಳಿಗೆಯಲ್ಲಿ ಎರಡು ಅಕ್ಷರಗಳ, ಟಿ ಯ ನಳಿಗೆಯಲ್ಲಿ ಮೂರು ಅಕ್ಷರಗಳ, ಸಿ ಯ ನಳಿಗೆಯಲ್ಲಿ ನಾಲ್ಕು ಅಕ್ಷರಗಳ ತುಂಡುಗಳು ದೊರೆಯುವುವು. ಇವೆಲ್ಲವನ್ನೂ ಅಂಟಿನಂಥ ಹಾಳೆಯೊಂದರ ನಾಲ್ಕು ಸಾಲುಗಳಲ್ಲಿ ಇಟ್ಟು ವಿದ್ಯುತ್ತನ್ನು ಹಾಯಿಸಿದರೆ, ಚಿಕ್ಕ ತುಂಡುಗಳು ಬೇಗನೆ ಮುಂದೆ ಹೋಗುವುವು, ಉದ್ದವಾದುವು ಹಿಂದುಳಿಯುವುವು. ಚಿಕ್ಕದರಿಂದ ಉದ್ದದ ಕಡೆಗೆ ಯಾವ ಯಾವ ಸಾಲಿನಲ್ಲಿ ಗೆರೆ ಕಂಡಿತೆಂದು ಓದುತ್ತ ಹೋದರೆ ಎ ಜಿ ಟಿ ಸಿ ಎ ಎಂಬ ಬರಹವೇ ಹೊರಡುವುದು. ಈ ಕಾರ್ಯಕ್ಕಾಗಿ ಸ್ಯಾಂಗರರಿಗೆ 1980ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಈಗಿನ ಯಂತ್ರಗಳು

ಈ ಕ್ರಮದಿಂದ ಒಂದು ಸಲಕ್ಕೆ ಕೆಲವು ನೂರು ಅಕ್ಷರಗಳನ್ನು ಮಾತ್ರ ಓದಬಹುದಾಗಿದ್ದಿತು. ಮನುಷ್ಯನ ಡಿ. ಎನ್. ಎ.ಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ; ಇದನ್ನು ಓದುವ ಅಂತರರಾಷ್ಟ್ರೀಯ ಯೋಜನೆಯು 1990ರಲ್ಲಿ ಮೊದಲಾಗಿ 2003ರಲ್ಲಿ ಮುಕ್ತಾಯವಾಯಿತು. ಆ ಬಳಿಕ ಬಂದ ಯಂತ್ರಗಳು ಕೋಟ್ಯಂತರ ತುಂಡುಗಳನ್ನು ಏಕಕಾಲದಲ್ಲಿ ಓದಬಲ್ಲುವು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಕ್ರಮವನ್ನು ಮದರಾಸಿನಲ್ಲಿ ಜನಿಸಿದ ಶಂಕರ್ ಬಾಲಸುಬ್ರಮಣಿಯನ್ ಅವರೂ ಡೇವಿಡ್ ಕ್ಲೆನರ್‌ಮನ್ ಅವರೂ ಕೇಂಬ್ರಿಜ್‌ನಲ್ಲಿ ರೂಪಿಸಿದರು. ಇದರಲ್ಲಿ ಗಾಜಿನ ಫಲಕದ ಮೇಲೆ ತುಂಡುಗಳನ್ನು ನೆಟ್ಟು, ನಾಲ್ಕು ಅಕ್ಷರಗಳಿಗೆ ಹೊಳೆಯುವ ಬಣ್ಣಗಳನ್ನು ಕಟ್ಟಿ, ಒಂದೊಂದು ಅಕ್ಷರವು ಸೇರಿದಾಗಲೂ ಛಾಯಾಚಿತ್ರವನ್ನು ತೆಗೆಯುವರು. ಮತ್ತೊಂದು ಕ್ರಮದಲ್ಲಿ ಡಿ. ಎನ್. ಎ. ಎಳೆಯನ್ನು ಅತಿ ಸೂಕ್ಷ್ಮವಾದ ರಂಧ್ರದ ಮೂಲಕ ಹಾಯಿಸಿ, ಅಕ್ಷರಗಳು ದಾಟುವಾಗ ವಿದ್ಯುತ್ ಪ್ರವಾಹದಲ್ಲಿ ಆಗುವ ಏರಿಳಿತದಿಂದ ಬರಹವನ್ನು ತಿಳಿಯುವರು. ಈ ಬಗೆಯ ಒಂದು ಯಂತ್ರವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದ್ದು, ಹೊಲದ ಬಳಿಗೇ ಒಯ್ಯಲು ಅನುಕೂಲವಾಗಿದೆ.

ಓದಿದ ತುಂಡುಗಳನ್ನು ಜೋಡಿಸುವುದು ಗಣಕಯಂತ್ರದ ಕೆಲಸ. ಒಂದೇ ಕಡತದ ನೂರು ಪ್ರತಿಗಳನ್ನು ಮನಸ್ವಿಯಾಗಿ ಹರಿದು ಬೆರೆಸಿದರೂ, ಒಂದರ ಕೊನೆಯ ಮಾತು ಮತ್ತೊಂದರ ಮೊದಲ ಮಾತಿಗೆ ಹೊಂದುವುದನ್ನು ನೋಡಿ ಪೂರ್ತಿ ಕಡತವನ್ನು ತಿರುಗಿ ಕೂಡಿಸಬಹುದಷ್ಟೆ, ಇದೂ ಹಾಗೆಯೇ.

ಗೋಧಿಯ ಬೂಷ್ಟಿನ ಮೂಲವು ತಿಳಿದ ಬಗೆ

ಬಾಂಗ್ಲಾದೇಶದ ಗಾಜೀಪುರದ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ತೋಫಜ್ಜಲ್ ಇಸ್ಲಾಂ ಅವರೂ, ಇಂಗ್ಲೆಂಡಿನ ನಾರಿಚ್ ನಗರದ ಸೇನ್ಸ್‌ಬರಿ ಪ್ರಯೋಗಶಾಲೆಯ ಸೋಫಿಯೆನ್ ಕಾಮೂನ್ ಅವರೂ, ಬೇರೆ ದೇಶಗಳ ಸಂಗಡಿಗರೂ ಕೂಡಿ ಈ ಕಾರ್ಯವನ್ನು ಕೈಕೊಂಡರು. ಬೂಷ್ಟನ್ನು ಬೇರ್ಪಡಿಸಿ ಬೆಳೆಸುವವರೆಗೆ ಕಾಯದೆ, ಹೊಲದಿಂದ ತಂದ ರೋಗದ ಎಲೆಗಳನ್ನೇ ನೇರವಾಗಿ ಪರೀಕ್ಷಿಸಿದರು. ಅಂಥ ಎಲೆಯಲ್ಲಿ ಗೋಧಿಯ ಬರಹವೂ ಬೂಷ್ಟಿನ ಬರಹವೂ ಬೆರೆತಿರುವುವು. ಇವೆರಡನ್ನೂ ಗಣಕಯಂತ್ರದಿಂದ ಬೇರೆ ಬೇರೆ ಮಾಡಿದರು. ಬೂಷ್ಟಿನ ಬರಹವನ್ನು ಭತ್ತ, ಹುಲ್ಲುಗಳು, ದಕ್ಷಿಣ ಅಮೆರಿಕದ ಗೋಧಿ ಮುಂತಾದುವುಗಳಿಂದ ದೊರೆತ ಬೂಷ್ಟುಗಳ ಬರಹದೊಡನೆ ಹೋಲಿಸಿದರು. ದೊರೆತ ಮಾಹಿತಿಯನ್ನು ಬಚ್ಚಿಡದೆ, ಇತರ ಶಾಸ್ತ್ರಜ್ಞರೂ ಪರಿಶೀಲಿಸುವಂತೆ ಕೂಡಲೇ ಬಹಿರಂಗಪಡಿಸಿದರು.

ಉತ್ತರವು ಕೆಲವು ವಾರಗಳಲ್ಲಿಯೇ ದೊರೆಯಿತು. ಬಾಂಗ್ಲಾದೇಶದ ಬೂಷ್ಟು ಭತ್ತದ ಪಂಗಡಕ್ಕೆ ಸೇರಿರಲಿಲ್ಲ; ದಕ್ಷಿಣ ಅಮೆರಿಕದ ಗೋಧಿಯ ಪಂಗಡಕ್ಕೆ ತೀರ ಹತ್ತಿರವಾಗಿತ್ತು. ಅಂದರೆ ಅದು ಸಮುದ್ರವನ್ನು ದಾಟಿ ಬಂದಿತ್ತು. 2018ರಲ್ಲಿ ಆಫ್ರಿಕಾದ ಜಾಂಬಿಯಾ ದೇಶದಲ್ಲಿಯೂ ಇದೇ ರೋಗವು ಕಂಡಿತು. ಆ ದೇಶದ ಬೂಷ್ಟೂ ಅದೇ ವಂಶದ್ದೆಂದೂ, ಆದರೆ ಬಾಂಗ್ಲಾದೇಶದಿಂದ ಹೋದುದಲ್ಲವೆಂದೂ, ಎರಡು ಖಂಡಗಳಿಗೂ ಅದು ಪ್ರತ್ಯೇಕವಾಗಿ ಪ್ರವೇಶಿಸಿತೆಂದೂ 2023ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು.

ಈ ನಿರ್ಣಯದಿಂದ ಕಾರ್ಯದ ದಾರಿಯು ತೆರೆಯಿತು. ಗೋಧಿಗೆ ಹತ್ತಿರದ ಒಂದು ಕಾಡುಹುಲ್ಲಿನಿಂದ ಬಂದ ವರ್ಣತಂತಿನ ತುಂಡನ್ನು ಹೊಂದಿರುವ ಗೋಧಿಗಳು ದಕ್ಷಿಣ ಅಮೆರಿಕದಲ್ಲಿ ರೋಗವನ್ನು ಬಹುಮಟ್ಟಿಗೆ ತಡೆದಿದ್ದವು. ಅದೇ ತುಂಡನ್ನು ಹೊಂದಿರುವ ಬಾರಿ ಗೋಮ್ 33 ಎಂಬ ತಳಿಯನ್ನು ಬಾಂಗ್ಲಾದೇಶವು 2017ರಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ಪಶ್ಚಿಮ ಬಂಗಾಳದ ಗಡಿಯ ನದಿಯಾ ಮತ್ತು ಮುರ್ಷಿದಾಬಾದ್ ಜಿಲ್ಲೆಗಳಲ್ಲಿ ಸಂಶಯಕ್ಕೆ ಒಳಗಾದ ಪೈರನ್ನು ಸುಡಿಸಿ, ಮುಂದಿನ ಕೆಲವು ಹಂಗಾಮುಗಳಲ್ಲಿ ಗೋಧಿಯ ಬಿತ್ತನೆಯನ್ನು ತಡೆಯಲಾಯಿತು. ಗೋಧಿಯನ್ನು ಬಿಡಬೇಕಾಗಿ ಬಂದುದು ರೈತರಿಗೆ ಕಷ್ಟವೇ ಆಯಿತು; ಆದರೆ ರೋಗವು ಗಂಗಾನದಿಯ ಬಯಲಿನ ಗೋಧಿಯ ಸೀಮೆಗೆ ನುಗ್ಗಿದ್ದರೆ ಆಗುತ್ತಿದ್ದ ನಷ್ಟವು ಇದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು.

ತಳಿಗಳ ಅಭಿವೃದ್ಧಿ

ರೋಗದ ಗುರುತಿಗೆ ಮಾತ್ರವಲ್ಲದೆ ತಳಿಗಳನ್ನು ಉತ್ತಮಪಡಿಸುವುದಕ್ಕೂ ಈ ವಿಧಾನವು ಸಹಾಯಕವಾಗಿದೆ. ಭತ್ತದ ಪೂರ್ಣ ಬರಹವು 2005ರಲ್ಲಿ ಪ್ರಕಟವಾಯಿತು. ಆ ಕಾರ್ಯದಲ್ಲಿ ಭಾರತದ ಶಾಸ್ತ್ರಜ್ಞರೂ ಪಾಲುಗೊಂಡು, 11ನೆಯ ವರ್ಣತಂತಿನ ಒಂದು ಭಾಗವನ್ನು ಓದಿದರು. ಒಡಿಶಾ ಪ್ರಾಂತ್ಯದ ಹಳೆಯ ತಳಿಯೊಂದರಲ್ಲಿ ನೆರೆಯ ನೀರಿನಲ್ಲಿ ಎರಡು ವಾರಗಳವರೆಗೆ ಮುಳುಗಿದ್ದರೂ ಬದುಕುವ ಗುಣವಿದ್ದಿತು. ಈ ಗುಣದ ವಂಶವಾಹಿಯನ್ನು 2006ರಲ್ಲಿ ಗುರುತಿಸಿದರು. ಅದನ್ನು ಸ್ವರ್ಣ ಎಂಬ ಹೆಸರಾದ ಭತ್ತಕ್ಕೆ ಸಂಕರದಿಂದ ತಂದು, ಪ್ರತಿ ಪೀಳಿಗೆಯಲ್ಲಿಯೂ ಸಸಿಗಳ ಡಿ. ಎನ್. ಎ.ಯನ್ನು ಪರೀಕ್ಷಿಸಿ, ಬೇಕಾದ ಗುಣವಿರುವುವನ್ನು ಮಾತ್ರ ಉಳಿಸಿಕೊಂಡರು. ಇದರಿಂದ ಹುಟ್ಟಿದ ಸ್ವರ್ಣ-ಸಬ್1 ತಳಿಯು 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು.

ಕರ್ನಾಟಕದ ಮುಖ್ಯ ಆಹಾರಧಾನ್ಯವಾದ ರಾಗಿಯ ಬರಹವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶಾಸ್ತ್ರಜ್ಞರು ಸಂಗಡಿಗರೊಡನೆ ಓದಿ 2017ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡ ತಳಿಯು ಎಂ. ಎಲ್. 365. ಸುಮಾರು 120 ಕೋಟಿ ಅಕ್ಷರಗಳನ್ನು ಜೋಡಿಸಿ, 85,243 ವಂಶವಾಹಿಗಳನ್ನು ಗುರುತಿಸಿದರು. ರಾಗಿಯು ಎರಡು ಹುಲ್ಲುಗಳ ಕೂಟದಿಂದ ಹುಟ್ಟಿ, ನಾಲ್ಕು ಮಡಿ ವರ್ಣತಂತುಗಳನ್ನು ಹೊಂದಿರುವುದರಿಂದ ಒಂದೇ ತೆರನಾದ ತುಂಡುಗಳು ಅದರಲ್ಲಿ ಹೆಚ್ಚಾಗಿದ್ದು, ಜೋಡಣೆಯು ಕಠಿನವಾದುದು. ಬರವನ್ನು ಸಹಿಸುವ ಗುಣವೂ ಬೆಂಕಿರೋಗವನ್ನು ತಡೆಯುವ ಗುಣವೂ ಯಾವ ಯಾವ ಸ್ಥಳದಲ್ಲಿ ಬರೆಯಲ್ಪಟ್ಟಿವೆಯೆಂಬುದನ್ನು ಹುಡುಕಲು ಈ ಬರಹವು ಆಧಾರವಾಗಿದೆ.

ಈ ವಿಧಾನದ ಮಿತಿ ಮತ್ತು ರೈತರ ಕರ್ತವ್ಯ

ಡಿ. ಎನ್. ಎ. ವಾಚನವು ರೋಗಕ್ಕೆ ಔಷಧವಲ್ಲ. ಶತ್ರುವು ಯಾರು, ಎಲ್ಲಿಂದ ಬಂದನು ಎಂಬುದನ್ನು ಮಾತ್ರ ಅದು ತಿಳಿಸುವುದು. ಮಣ್ಣು, ಮಳೆ, ಬಿತ್ತನೆಯ ಕಾಲ, ಗೊಬ್ಬರ ಇವುಗಳ ಪರಿಣಾಮವನ್ನು ಹೊಲದಲ್ಲಿಯೇ ನೋಡಬೇಕು. ರೋಗವನ್ನು ಇಂದು ತಡೆಯುವ ತಳಿಯು ಬೂಷ್ಟು ಬದಲಾದರೆ ನಾಳೆ ಸೋಲಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಲದಲ್ಲಿ ರೋಗವನ್ನು ಮೊದಲು ಕಾಣುವವನು ರೈತನೇ. ಅವನು ತಿಳಿಸದಿದ್ದರೆ ಯಂತ್ರಕ್ಕೆ ಓದಲು ಏನೂ ಇರುವುದಿಲ್ಲ. ಆದಕಾರಣ ವ್ಯವಸಾಯಗಾರರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

1. ರಾಗಿ ಅಥವಾ ಭತ್ತದಲ್ಲಿ ಬೆಂಕಿರೋಗವು ಕಂಡ ಮಾತ್ರಕ್ಕೆ ಗೋಧಿಯ ರೋಗವು ಬಂದಿತೆಂದು ಭಯಪಡಬೇಕಾದುದಿಲ್ಲ, ಪಂಗಡಗಳು ಬೇರೆ.

2. ಧಾರವಾಡ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಮುಂತಾದ ಗೋಧಿ ಬೆಳೆಯುವ ಜಿಲ್ಲೆಗಳಲ್ಲಿ, ಎಲೆಯು ಹಸುರಾಗಿರುವಾಗಲೇ ತೆನೆಯು ಬಿಳಿಚಿಕೊಂಡರೆ ಕೂಡಲೇ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸತಕ್ಕದ್ದು.

3. ಮಾದರಿಯನ್ನು ಕಳುಹಿಸುವಾಗ ರೋಗವು ಈಗ ತಾನೆ ಹತ್ತುತ್ತಿರುವ ತೆನೆ ಅಥವಾ ಎಲೆಗಳನ್ನು ಕಾಗದದಲ್ಲಿ ಸುತ್ತಿ ಕಳುಹಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆಯುವುದರಿಂದ ಪರೀಕ್ಷೆಯು ಕೆಡುವುದು. ಊರು, ತಳಿ, ಬಿತ್ತಿದ ದಿನಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಡಬೇಕು.

4. ಗೋಧಿಯ ಬೆಂಕಿರೋಗವು ಬೀಜದ ಮೂಲಕವೂ ಹರಡುವುದರಿಂದ, ಎಲ್ಲಿಯದೆಂದು ತಿಳಿಯದ ಧಾನ್ಯವನ್ನು ಬಿತ್ತನೆಗೆ ಉಪಯೋಗಿಸಬಾರದು. ಪ್ರಮಾಣಿತ ಬೀಜವನ್ನೇ ಕೊಳ್ಳಬೇಕು.

ಒಂದು ಹಿಡಿ ರೋಗದ ಬೀಜವು ಸಾಗರವನ್ನು ದಾಟಿ ಸಾವಿರಾರು ಸಂಸಾರಗಳ ಅನ್ನವನ್ನು ಕಸಿಯಬಲ್ಲುದೆಂಬುದನ್ನು ಬಾಂಗ್ಲಾದೇಶದ ಅನುಭವವು ತೋರಿಸಿರುವುದು. ಹೊಲದಲ್ಲಿ ರೈತನ ಎಚ್ಚರಿಕೆಯೂ ಪ್ರಯೋಗಶಾಲೆಯಲ್ಲಿ ಶಾಸ್ತ್ರಜ್ಞನ ಪರಿಶ್ರಮವೂ ಒಂದುಗೂಡಿದರೆ ಅಂಥ ವಿಪತ್ತನ್ನು ಬಾಗಿಲಲ್ಲಿಯೇ ತಡೆಯುವುದು ಸಾಧ್ಯವಾಗುವುದು.