ವೆಲ್ಡಿಂಗ್ ಕೆಲಸದಲ್ಲಿ ಸುರಕ್ಷತೆ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಅಂಶಗಳು

ಶಾಲೆಯ ಗೇಟು, ಓವರ್‌ಹೆಡ್ ಟ್ಯಾಂಕಿನ ಏಣಿ, ಅಂಗನವಾಡಿಯ ಕಿಟಕಿ ಸರಳು, ಘನತ್ಯಾಜ್ಯ ಘಟಕದ ತಗಡಿನ ಮೇಲ್ಛಾವಣಿ, ಕಸ ಸಾಗಿಸುವ ವಾಹನದ ದುರಸ್ತಿ: ಗ್ರಾಮ ಪಂಚಾಯಿತಿಯ ಅನೇಕ ಕಾಮಗಾರಿಗಳಲ್ಲಿ ವೆಲ್ಡಿಂಗ್ ಸೇರಿರುತ್ತದೆ. ಒಂದೆರಡು ದಿನಗಳಲ್ಲಿ ಮುಗಿಯುವ ಸಣ್ಣ ಕೆಲಸವೆಂಬ ಕಾರಣದಿಂದ ಸುರಕ್ಷತೆಯ ವಿಚಾರವು ಅಂದಾಜು ಪಟ್ಟಿಯಲ್ಲಾಗಲಿ ಸಭೆಯ ಚರ್ಚೆಯಲ್ಲಾಗಲಿ ಬಾರದೆ ಹೋಗುವುದುಂಟು. ಆದರೆ ಈ ಕೆಲಸಗಳು ನಡೆಯುವುದು ಮಕ್ಕಳು, ವೃದ್ಧರು ಓಡಾಡುವ ಜಾಗದಲ್ಲಿಯೇ. ವೆಲ್ಡಿಂಗ್‌ನಿಂದ ಉಂಟಾಗುವ ಅಪಾಯಗಳು, ಅವುಗಳ ಕಾರಣ ಹಾಗೂ ಕೆಲಸ ಆರಂಭಿಸುವ ಮೊದಲು ಸದಸ್ಯರು ಖಚಿತಪಡಿಸಿಕೊಳ್ಳಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಕಣ್ಣಿಗೆ ಆಗುವ ಹಾನಿ

ವೆಲ್ಡಿಂಗ್ ಬೆಳಕಿನಲ್ಲಿ ಕಣ್ಣಿಗೆ ಕಾಣದ ತೀವ್ರ ಅತಿನೇರಳೆ ಕಿರಣಗಳಿರುತ್ತವೆ. ಇವು ಕಣ್ಣಿನ ಹೊರಪದರವನ್ನು ಸುಡುತ್ತವೆ. ನೋಡಿದಾಗ ನೋವು ತಿಳಿಯುವುದಿಲ್ಲ. ಹಲವು ಗಂಟೆಗಳ ನಂತರ, ಬಹುತೇಕ ರಾತ್ರಿಯ ವೇಳೆ, ಕಣ್ಣಿಗೆ ಮರಳು ಬಿದ್ದಂತಹ ಉರಿ ಮತ್ತು ನೀರು ಸುರಿಯುವಿಕೆ ಆರಂಭವಾಗುತ್ತದೆ. ಬೆಸುಗೆ ಹಾಕುವವರು ಮುಖಕವಚ ಧರಿಸಿದ್ದರೂ, ಕಬ್ಬಿಣ ಹಿಡಿದುಕೊಳ್ಳುವ ಸಹಾಯಕರು ಹಾಗೂ ಕುತೂಹಲದಿಂದ ನಿಂತು ನೋಡುವ ಮಕ್ಕಳು ಬರಿಗಣ್ಣಿನಲ್ಲಿಯೇ ಇರುತ್ತಾರೆ. ಸಾಮಾನ್ಯ ತಂಪು ಕನ್ನಡಕ ಇದಕ್ಕೆ ಸಾಲದು. ರಾಡ್ ವೆಲ್ಡಿಂಗ್‌ಗೆ ಸಾಮಾನ್ಯವಾಗಿ 10ರಿಂದ 12ನೇ ಸಂಖ್ಯೆಯ ಕಪ್ಪು ಗಾಜುಳ್ಳ ಮುಖಕವಚವನ್ನು ಬಳಸಬೇಕು. ಕಣ್ಣಿಗೆ ಎದೆಹಾಲು ಹಾಕುವುದು, ಆಲೂಗಡ್ಡೆಯ ಹೋಳು ಇಡುವುದು ಸೋಂಕಿಗೆ ದಾರಿಯಾಗಬಹುದು. ಅಂಗಡಿಯಿಂದ ತಂದ ಔಷಧದ ಹನಿಗಳನ್ನೂ ವೈದ್ಯರ ಸಲಹೆಯಿಲ್ಲದೆ ಹಾಕಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

2. ವಿದ್ಯುದಾಘಾತ

ಕಂಬದಿಂದ ಅಥವಾ ಪಂಪ್‌ಹೌಸಿನಿಂದ ನೇರವಾಗಿ ತಂತಿ ಎಳೆದು ಯಂತ್ರ ನಡೆಸುವುದು ಅತ್ಯಂತ ಅಪಾಯಕಾರಿ. ಯಂತ್ರದ ಹೊರಮೈಗೆ ಸರಿಯಾದ ಅರ್ಥಿಂಗ್ ಇರಬೇಕು. ಸಂಪರ್ಕ ಪಡೆಯುವಲ್ಲಿ ಆರ್‌ಸಿಸಿಬಿ ಅಳವಡಿಸಿರಬೇಕು. ರಾಡ್ ಹಿಡಿಯುವ ಹೋಲ್ಡರ್‌ಗೆ ಬರುವ ವಿದ್ಯುತ್ತಿನ ಒತ್ತಡ ಮನೆಯ ವಿದ್ಯುತ್ತಿಗಿಂತ ಕಡಿಮೆ ಇದ್ದರೂ, ಬೆವರಿದ ಮೈ, ಒದ್ದೆ ನೆಲ, ಬರಿಗಾಲು ಸೇರಿದಾಗ ಅದು ಪ್ರಾಣ ತೆಗೆಯಬಲ್ಲದು. ಆರ್‌ಸಿಸಿಬಿ ಈ ಭಾಗಕ್ಕೆ ರಕ್ಷಣೆ ನೀಡದು. ಆದುದರಿಂದ ಒಣಗಿದ ಚರ್ಮದ ಕೈಗವಸು, ರಬ್ಬರ್ ಅಡಿಯ ಬೂಟು ಹಾಗೂ ಒಡೆಯದ ಹೋಲ್ಡರ್ ಅವಶ್ಯ. ಮಳೆಯಲ್ಲಿ ತೆರೆದ ಜಾಗದ ಕೆಲಸವನ್ನು ನಿಲ್ಲಿಸತಕ್ಕದ್ದು. ಆಘಾತವಾದವರನ್ನು ಬರಿಗೈಯಲ್ಲಿ ಮುಟ್ಟದೆ ಮೊದಲು ಸ್ವಿಚ್ ಆರಿಸಿ, 108ಕ್ಕೆ ಕರೆ ಮಾಡಬೇಕು.

3. ಹೊಗೆ

ನೀರು ಸರಬರಾಜಿನ ಜಿ.ಐ. ಪೈಪು ಮತ್ತು ತಗಡುಗಳ ಮೇಲೆ ಸತುವಿನ ಲೇಪನವಿರುತ್ತದೆ. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸತುವಾದರೋ 907 ಡಿಗ್ರಿಯಲ್ಲಿಯೇ ಕುದಿದು ಆವಿಯಾಗುತ್ತದೆ. ಈ ಬಿಳಿ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು ಬರುತ್ತದೆ. ಅದನ್ನು ಸಾಮಾನ್ಯ ಜ್ವರವೆಂದೇ ತಿಳಿಯುವವರು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹಾಲು ಕುಡಿದರೆ ಅಥವಾ ಬೆಲ್ಲ ತಿಂದರೆ ಹೊಗೆ ಬಾಧಿಸದೆಂಬ ನಂಬಿಕೆಗೆ ಆಧಾರವಿಲ್ಲ. ಬೆಸುಗೆ ಹಾಕುವ ಜಾಗದ ಲೇಪನ ಮತ್ತು ಬಣ್ಣವನ್ನು ಮೊದಲು ಉಜ್ಜಿ ತೆಗೆಯುವುದು, ಗಾಳಿಯಾಡುವಲ್ಲಿ ಕೆಲಸ ಮಾಡುವುದು, ಹೊಗೆಯ ಕಣಗಳನ್ನು ತಡೆಯುವ ಮುಖಗವಸು ಧರಿಸುವುದು ಸರಿಯಾದ ಕ್ರಮಗಳು. ಮುಖಕ್ಕೆ ಕಟ್ಟಿದ ಟವೆಲ್ ಹೊಗೆಯನ್ನು ತಡೆಯದು.

4. ಬೆಂಕಿ ಮತ್ತು ಸ್ಫೋಟ

ಕಿಡಿಗಳು ಸುಮಾರು 11 ಮೀಟರ್ ದೂರದವರೆಗೂ ಹಾರಬಲ್ಲವು. ಆ ಅಂತರದೊಳಗಿನ ಹುಲ್ಲು, ಗೋಣಿಚೀಲ, ಪ್ಲಾಸ್ಟಿಕ್ ತ್ಯಾಜ್ಯವನ್ನು ತೆರವುಗೊಳಿಸಬೇಕು. ಘನತ್ಯಾಜ್ಯ ಘಟಕಗಳಲ್ಲಿ ಇದಕ್ಕೆ ವಿಶೇಷ ಗಮನ ಅಗತ್ಯ. ಬಿದ್ದ ಕಿಡಿ ಒಳಗೊಳಗೇ ಹೊಗೆಯಾಡಿ ತಡವಾಗಿ ಹೊತ್ತಿಕೊಳ್ಳುವುದರಿಂದ, ಕೆಲಸ ಮುಗಿದ ಮೇಲೂ ಒಂದು ಗಂಟೆ ಕಾಲ ನೀರಗಂಟಿ ಅಥವಾ ಬೇರೊಬ್ಬರು ಅಲ್ಲಿ ಕಾವಲಿರಬೇಕು.

ಹಳೆಯ ಡೀಸೆಲ್ ಅಥವಾ ಡಾಂಬರು ಡ್ರಮ್ಮನ್ನು ಕಸದ ತೊಟ್ಟಿಗಾಗಿ ಕತ್ತರಿಸಿಕೊಡುವಂತೆ ವೆಲ್ಡಿಂಗ್ ಅಂಗಡಿಗೆ ಹೇಳುವುದುಂಟು. ಖಾಲಿಯಂತೆ ಕಂಡರೂ ಡ್ರಮ್ಮಿನ ಒಳಗೋಡೆಗೆ ಅಂಟಿದ ಎಣ್ಣೆಯು ಶಾಖ ತಗುಲಿದೊಡನೆ ಆವಿಯಾಗಿ, ಗಾಳಿಯೊಡನೆ ಬೆರೆತು ಬಾಂಬಿನಂತೆ ಸಿಡಿಯುತ್ತದೆ. ಇಂತಹ ಕೆಲಸವನ್ನು ಪಂಚಾಯಿತಿಯು ಮಾಡಿಸಬಾರದು. ಸಿದ್ಧ ತೊಟ್ಟಿಗಳನ್ನು ಖರೀದಿಸುವುದು ಲೇಸು. ಹಾಗೆಯೇ ಟ್ರ್ಯಾಕ್ಟರ್ ಟ್ರೈಲರಿನ ಚಕ್ರದ ರಿಮ್ಮಿಗೆ ಬೆಸುಗೆ ಹಾಕುವ ಮೊದಲು ಟೈರನ್ನು ಪೂರ್ಣವಾಗಿ ಬಿಚ್ಚಿ ತೆಗೆಯತಕ್ಕದ್ದು; ಇಲ್ಲವಾದರೆ ಟೈರು ಸಿಡಿಯಬಹುದು. ಗ್ಯಾಸ್ ಕಟಿಂಗ್ ಮಾಡುವಲ್ಲಿ ಸಿಲಿಂಡರುಗಳನ್ನು ನೇರವಾಗಿ ನಿಲ್ಲಿಸಿ ಸರಪಳಿಯಿಂದ ಕಟ್ಟಿರಬೇಕು. ಆಮ್ಲಜನಕದ ಸಿಲಿಂಡರಿಗೆ ಎಣ್ಣೆ, ಗ್ರೀಸ್ ತಾಗಬಾರದು.

5. ಟ್ಯಾಂಕಿನ ಒಳಗಿನ ಕೆಲಸ

ನೀರಿನ ಟ್ಯಾಂಕಿನ ಒಳಗೆ ಹೊಗೆ ಹೊರಹೋಗದೆ ತುಂಬಿಕೊಂಡು, ಉಸಿರಾಟಕ್ಕೆ ಬೇಕಾದ ಗಾಳಿ ಕಡಿಮೆಯಾಗುತ್ತದೆ. ಹೊಸದಾಗಿ ಬಣ್ಣ ಬಳಿದಿದ್ದರೆ ಥಿನ್ನರ್ ಆವಿಗೆ ಬೆಂಕಿ ಹೊತ್ತಿಕೊಳ್ಳಬಹುದು. ಗಾಳಿ ಹಾಯಿಸುವ ಫ್ಯಾನ್, ಸೊಂಟಕ್ಕೆ ಹಗ್ಗ ಹಾಗೂ ಹೊರಗೆ ಸದಾ ಗಮನಿಸುವ ಒಬ್ಬ ವ್ಯಕ್ತಿ ಇಲ್ಲದೆ ಯಾರನ್ನೂ ಒಳಗಿಳಿಸಬಾರದು. ಒಳಗಿದ್ದವರು ಕುಸಿದರೆ ಅವರನ್ನು ಹಗ್ಗದಿಂದ ಮೇಲೆಳೆಯಬೇಕೇ ಹೊರತು, ಮತ್ತೊಬ್ಬರು ಧಾವಿಸಿ ಇಳಿಯಬಾರದು.

6. ಕೆಲಸ ಆರಂಭಕ್ಕೆ ಮೊದಲು ಸದಸ್ಯರು ಕೇಳಬೇಕಾದ ಪ್ರಶ್ನೆಗಳು

• ಕೆಲಸಗಾರರು ಮತ್ತು ಸಹಾಯಕರು, ಇಬ್ಬರಿಗೂ ಕಣ್ಣಿನ ರಕ್ಷಣೆ, ಕೈಗವಸು, ಬೂಟು ಇವೆಯೇ?
• ವಿದ್ಯುತ್ ಸಂಪರ್ಕ ಎಲ್ಲಿಂದ ಪಡೆಯಲಾಗಿದೆ? ಅರ್ಥಿಂಗ್ ಇದೆಯೇ?
• ಸುತ್ತಲೂ ಮರೆ ಕಟ್ಟಲಾಗಿದೆಯೇ? ಶಾಲೆಯ ಕೆಲಸವನ್ನು ರಜಾದಿನಕ್ಕೆ ನಿಗದಿಪಡಿಸಬಹುದೇ?
• ಬೆಂಕಿ ನಂದಿಸುವ ಉಪಕರಣ, ಮರಳಿನ ಬಕೆಟ್ ಸ್ಥಳದಲ್ಲಿವೆಯೇ? ಕೆಲಸದ ನಂತರ ಕಾವಲು ಯಾರದು?
• ಈ ವಸ್ತುಗಳ ವೆಚ್ಚವನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಲಾಗಿದೆಯೇ?

ಕೊನೆಯ ಪ್ರಶ್ನೆ ಮುಖ್ಯವಾದುದು. ಅತ್ಯಂತ ಕಡಿಮೆ ದರಕ್ಕೆ ಕೆಲಸ ಒಪ್ಪಿಕೊಂಡ ಕೆಲಸಗಾರರು ಮೊದಲು ಕೈಬಿಡುವುದು ತಮ್ಮ ರಕ್ಷಣೆಯ ವೆಚ್ಚವನ್ನೇ. ಆ ವೆಚ್ಚವನ್ನು ಪಂಚಾಯಿತಿಯೇ ಅಂದಾಜಿನಲ್ಲಿ ತೋರಿಸಿದರೆ, ಸುರಕ್ಷತಾ ಸಾಧನಗಳನ್ನು ಬಳಸುವಂತೆ ಕೇಳುವ ನೈತಿಕ ಹಕ್ಕು ಅದಕ್ಕೆ ಬರುತ್ತದೆ.

ನಿರ್ಮಾಣ ಕೆಲಸಗಳಲ್ಲಿ ತೊಡಗಿರುವ 18ರಿಂದ 60 ವರ್ಷದೊಳಗಿನ ವೆಲ್ಡರುಗಳು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಲ್ಲಿ, ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ತಮ್ಮ ಗ್ರಾಮದ ವೆಲ್ಡರುಗಳು ನೋಂದಣಿ ಹೊಂದಿರುವರೇ ಎಂಬುದನ್ನು ಸದಸ್ಯರು ವಿಚಾರಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಮೇಲಿನ ಅಂಶಗಳನ್ನು ಚರ್ಚೆಗೆ ತೆಗೆದುಕೊಳ್ಳುವಂತೆ ಕೋರಲಾಗಿದೆ.