ಕಬ್ಬಿಣದ ಕೊಳವೆಯೂ ಕಾಗದದ ಕೊಳವೆಯೂ

ಕಳೆದ ದೀಪಾವಳಿಗೆ ಮಂಡ್ಯದ ಬಳಿಯ ಕೆರಗೋಡಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಹಬ್ಬದ ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕುಳಿತಿರುವಾಗ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗ ಗೇಣುದ್ದದ ಒಂದು ಕಬ್ಬಿಣದ ಕೊಳವೆಯನ್ನು ತಂದು ನನ್ನ ಮುಂದಿಟ್ಟನು. ಪಂಪ್‌ಸೆಟ್ಟಿನ ಹಳೆಯ ಪೈಪಿನಿಂದ ಕೊಯ್ಯಿಸಿದ ತುಂಡು ಅದು. ಒಂದು ತುದಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮುಚ್ಚಿಸಿಯೂ ಆಗಿತ್ತು. ರಾತ್ರಿ ಸಿಡಿಯದೆ ಉಳಿದ ಪಟಾಕಿಗಳನ್ನು ಬಿಚ್ಚಿ, ಅವುಗಳ ಮದ್ದನ್ನು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಕೂಡಿಟ್ಟಿದ್ದನು.

“ಮಾವ, ಅಂಗಡಿ ರಾಕೆಟ್ಟು ಕಾಗದದ್ದು. ಅದ್ಕೇ ತೆಂಗಿನಮರ ದಾಟಿ ಓಗಕಿಲ್ಲ. ಇದು ಕಬ್ಬಿಣದ್ದು. ಟಿಪ್ಪು ಸುಲ್ತಾನ ಇಂಗೇ ಅಲ್ವಾ ಮಾಡುಸ್ತಿದ್ದುದ್ದು?”

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಎದೆ ಧಸಕ್ಕೆಂದದ್ದು ಅದಕ್ಕಾಗಿಯೇ. ಡಬ್ಬಿಯಲ್ಲಿದ್ದುದನ್ನು ಮೊದಲು ಬಕೆಟ್ಟಿನ ನೀರಿಗೆ ಸುರಿದೆ. ಹುಡುಗನ ಮುಖ ಸಣ್ಣದಾಯಿತು. “ಬೈಯುವುದಿಲ್ಲ ಮಾರಾಯ, ನಾಳೆ ಶ್ರೀರಂಗಪಟ್ಟಣಕ್ಕೆ ಹೋಗೋಣ, ನಿನ್ನ ಕೊಳವೆಯ ಕಥೆಯನ್ನು ಅಲ್ಲಿ ಹೇಳುತ್ತೇನೆ” ಎಂದು ಸಮಾಧಾನಪಡಿಸಿದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ನೋಡದವರು ನಮ್ಮಲ್ಲಿ ವಿರಳ. ಆದರೆ ಅದರ ಗೋಡೆಯ ಚಿತ್ರಗಳ ಮುಂದೆ ಐದು ನಿಮಿಷ ನಿಲ್ಲುವವರು ಇನ್ನೂ ವಿರಳ. ಅಲ್ಲಿರುವ ದೊಡ್ಡ ಯುದ್ಧಚಿತ್ರ 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ನಡೆದ ಕಾಳಗದ್ದು. ಪಲ್ಲಕ್ಕಿಯಲ್ಲಿ ಕುಳಿತಿರುವ ಆಂಗ್ಲ ದಳಪತಿ ಬೆಯ್ಲಿ, ಅವನ ಸುತ್ತ ಕೋಟೆಯಂತೆ ಕಟ್ಟಿ ನಿಂತ ಸಿಪಾಯಿಗಳು, ಅವರ ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ! ಆ ಬಂಡಿಗಳಿಗೆ ಕಿಚ್ಚು ತಗುಲಿದ್ದು ಮೈಸೂರಿನ ಅಗ್ನಿಬಾಣಗಳಿಂದಲೇ ಎಂದು ಹಲವು ಇತಿಹಾಸಕಾರರ ಅಭಿಪ್ರಾಯ. ಹೈದರನ ಸೈನ್ಯದಲ್ಲಿ ಬಾಣದವರು 1,200 ಮಂದಿ ಇದ್ದರೆಂದೂ, ಟಿಪ್ಪುವಿನ ಕಾಲಕ್ಕೆ ಆ ಸಂಖ್ಯೆ 5,000ಕ್ಕೆ ಏರಿತೆಂದೂ ಹೇಳುತ್ತಾರೆ.

ಬಾಣಬಿರುಸು ಲೋಕಕ್ಕೆ ಹೊಸದಾಗಿರಲಿಲ್ಲ. ಚೀನೀಯರು ಅದನ್ನು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಹೊಸದಾಗಿದ್ದುದು ಕೊಳವೆ. ಕಾಗದದ ಅಥವಾ ಬಿದಿರಿನ ಕೊಳವೆಯೊಳಗೆ ಅನಿಲದ ಒತ್ತಡ ಒಂದು ಮಿತಿಯನ್ನು ಮೀರಿದರೆ ಕೊಳವೆಯೇ ಬಿರಿಯುತ್ತದೆ. ಮೈಸೂರಿನ ಕಮ್ಮಾರರು ಮೆದು ಕಬ್ಬಿಣವನ್ನು ಬಡಿದು ಕೊಳವೆ ಮಾಡಿದರು. ಅದು ಹೆಚ್ಚಿನ ಒತ್ತಡವನ್ನು ತಾಳಿಕೊಂಡಿತು. ಒತ್ತಡ ಹೆಚ್ಚಿದಷ್ಟೂ ಹಿಂದಿನ ರಂಧ್ರದಿಂದ ಅನಿಲ ರಭಸವಾಗಿ ಹೊರನುಗ್ಗಿತು. ಅದು ಹಿಂದಕ್ಕೆ ನುಗ್ಗಿದ ರಭಸವೇ ಬಾಣವನ್ನು ಮುಂದಕ್ಕೆ ತಳ್ಳಿತು. ಎರಡು ಕಿಲೋಮೀಟರಿಗೂ ಮಿಕ್ಕಿ ಹಾರುವ ಅಸ್ತ್ರ ಹೀಗೆ ಸಿದ್ಧವಾಯಿತು.

ಅಂಥ ಎರಡು ಬಾಣಗಳು ಇಂಗ್ಲೆಂಡಿನ ವುಲಿಚ್‌ನಲ್ಲಿ ತೋಪಖಾನೆಯ ವಸ್ತುಸಂಗ್ರಹಕ್ಕೆ ಸೇರಿದ್ದವು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರಿನ ರಾಕೆಟ್ಟುಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಅವುಗಳ ಅಳತೆಯನ್ನು ಕೊಟ್ಟಿದ್ದಾರೆ. ಒಂದರ ಕೊಳವೆ ಸುಮಾರು 10 ಅಂಗುಲ ಉದ್ದ. ಅದನ್ನು ಕಟ್ಟಿರುವುದು ಕತ್ತಿಯೊಂದಕ್ಕೆ. ಇನ್ನೊಂದು 8 ಅಂಗುಲಕ್ಕೆ ತುಸು ಕಡಿಮೆ. ಅದಕ್ಕೆ ಆರಡಿಗೂ ಉದ್ದವಾದ ಬಿದಿರಿನ ಗಳು. ಹಾರುವಾಗ ತಲೆ ತಿರುಗದಂತೆ ಹಿಡಿದಿಡುವ ಬಾಲವೇ ಈ ಗಳು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಎಂದರೆ ಹಿಂದಿನ ಬಿದನೂರು, ಅಲ್ಲಿಯ ಹಾಳುಬಾವಿಯೊಂದರಲ್ಲಿ 2002ರಲ್ಲಿ ನೂರೈವತ್ತಕ್ಕೂ ಮಿಕ್ಕಿ ಕಬ್ಬಿಣದ ಕೊಳವೆಗಳು ದೊರೆತವು. ಅವು ಅಗ್ನಿಬಾಣಗಳೆಂದು ಗುರುತಾಗಲು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ಪುರಾತತ್ತ್ವ ಇಲಾಖೆಯವರು ಅದೇ ಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಹೊರಬಂದವು! 23ರಿಂದ 26 ಸೆಂಟಿಮೀಟರ್ ಉದ್ದದ, ತುಕ್ಕು ಹಿಡಿದ ಕೊಳವೆಗಳು. ಬಾವಿಯ ಕೆಸರಿಗೆ ಮದ್ದಿನ ವಾಸನೆ ಇನ್ನೂ ಇತ್ತೆಂದು ಅಗೆದವರು ಹೇಳಿದರು. ಬೆಂಗಳೂರಿನ ಮಾರ್ಕೆಟ್ಟಿನ ಬಳಿ ತಾರಾಮಂಡಲಪೇಟೆ ಎಂಬ ಹೆಸರಿನ ಬೀದಿಯಿದೆ. ನಿತ್ಯ ಅಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಆ ಹೆಸರು ಬಾಣ ತಯಾರಿಸುವವರಿಂದ ಬಂದುದೆಂದು ಗೊತ್ತು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಎಂಬಾತ ಅಲ್ಲಿ ಪ್ರಯೋಗಗಳನ್ನು ನಡೆಸಿ, 1806ರಲ್ಲಿ ಫ್ರಾನ್ಸಿನ ಬುಲೋನ್ ಮೇಲೆ, ಮರುವರ್ಷ ಕೋಪನ್‌ಹೇಗನ್ ಮೇಲೆ ಪ್ರಯೋಗಿಸಿದ ರಾಕೆಟ್ಟುಗಳನ್ನು ಸಿದ್ಧಪಡಿಸಿದನು. 1963ರಲ್ಲಿ ಅಮೆರಿಕದ ವಾಲಪ್ಸ್ ಉಡಾವಣಾ ಕೇಂದ್ರಕ್ಕೆ ಹೋಗಿದ್ದ ಅಬ್ದುಲ್ ಕಲಾಂ ಅವರು ಅಲ್ಲಿಯ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ಬಾಣ ಹಾರಿಸುವ ಚಿತ್ರವನ್ನು ಕಂಡು ಬೆರಗಾದದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇಷ್ಟನ್ನು ಕೇಳಿದ ನನ್ನ ಸೋದರಳಿಯ ಸಹಜವಾಗಿಯೇ ಹಿಗ್ಗಿದನು. “ಮತ್ತೆ ನನ್ನ ಪೈಪು ಸರಿಯಾಗೇ ಅದಲ್ಲ ಮಾವ!” ಎಂದನು.

ಕಥೆಯ ಉಳಿದ ಅರ್ಧವನ್ನು ಕಾವೇರಿಯ ದಡದಲ್ಲಿ ಕುಳಿತು ಹೇಳಬೇಕಾಯಿತು. ಆ ಕೊಳವೆಗಳು ಯುದ್ಧಕ್ಕಾಗಿ ಮಾಡಿದವು. ಸಿಡಿದರೆ ಸಿಡಿಯಲಿ, ಚೂರುಗಳು ಯಾರಿಗಾದರೂ ತಾಗಲಿ ಎಂಬುದೇ ಅವುಗಳ ಉದ್ದೇಶ. ಕೋಟೆ ಬೀಳುವ ಎರಡು ದಿನ ಮೊದಲು, ಮೇ 2ರಂದು, ಆಂಗ್ಲರ ಗುಂಡೊಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಬಡಿದು ಭಾರಿ ಸ್ಫೋಟವಾಯಿತು. ಮದ್ದಿಗೆ ತನ್ನವರು, ಪರರು ಎಂಬ ಭೇದವಿಲ್ಲ.

ರಾಕೆಟ್ಟಿನ ಹಾರಾಟವನ್ನು ಹವ್ಯಾಸವಾಗಿ ಮಾಡಿಕೊಂಡವರು ಈ ಪಾಠವನ್ನು ಕಷ್ಟದಿಂದಲೇ ಕಲಿತರು. 1957ರ ಅಕ್ಟೋಬರ್ 4ರಂದು ರಷ್ಯದ ಸ್ಪುಟ್ನಿಕ್ ಮೇಲೇರಿದಾಗ ಅಮೆರಿಕದ ಊರೂರುಗಳಲ್ಲಿ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ವೆಸ್ಟ್ ವರ್ಜೀನಿಯದ ಕೋಲ್‌ವುಡ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಹೋಮರ್ ಹಿಕಮ್ ಎಂಬ ಹುಡುಗನ ಮೊದಲ ರಾಕೆಟ್ಟು ಆಕಾಶಕ್ಕೆ ಹೋಗದೆ, ತಾಯಿಯ ಗುಲಾಬಿ ತೋಟದ ಬೇಲಿಯನ್ನು ಹಾರಿಸಿಬಿಟ್ಟಿತು. ಆತ ಗಣಿಯ ಯಂತ್ರಶಾಲೆಯ ಕುಶಲಕರ್ಮಿಗಳ ನೆರವು ಪಡೆದು, ಊರಿನಿಂದ ದೂರದ ಬಯಲಿನಲ್ಲಿ ಪ್ರಯೋಗ ಮಾಡಿ, 1960ರಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರದರ್ಶನದಲ್ಲಿ ಪದಕ ಗಳಿಸಿ, ಮುಂದೆ ನಾಸಾದ ಎಂಜಿನಿಯರನೂ ಆದನು. ಆತನ ಆತ್ಮಕಥೆ ಚಲನಚಿತ್ರವಾಗಿ ಲೋಕವೆಲ್ಲ ನೋಡಿತು. ಆದರೆ ಬೆರಳು ಕಳೆದುಕೊಂಡ ಹುಡುಗರ ಚಲನಚಿತ್ರವನ್ನು ಯಾರೂ ತೆಗೆಯುವುದಿಲ್ಲ.

ಬಿಡಿಸಬೇಕಾಗಿದ್ದ ಗಂಟನ್ನು ಬಿಡಿಸಿದವನು ವಿಜ್ಞಾನಿಯಲ್ಲ, ಪಾದರಕ್ಷೆಯ ಅಂಗಡಿಯವನು! ನೆಬ್ರಾಸ್ಕ ರಾಜ್ಯದ ನಾರ್ಫಕ್ ಎಂಬ ಊರಿನ ಆರ್ವಿಲ್ ಕಾರ್ಲೈಲನಿಗೆ ಬಾಣಬಿರುಸಿನ ಗೀಳು. ಅವನ ಸಹೋದರ ರಾಬರ್ಟನಿಗೆ ಆಟದ ವಿಮಾನಗಳ ಗೀಳು. 1954ರಲ್ಲಿ ಇಬ್ಬರೂ ಕೂಡಿ ಕಾಗದದ ಮೈ, ಹಗುರಾದ ಬಾಲ್ಸಾ ಮರದ ರೆಕ್ಕೆ ಇರುವ ಪುಟ್ಟ ರಾಕೆಟ್ಟನ್ನು ಮಾಡಿದರು. ಅದರ ಮೋಟಾರೂ ಕಾಗದದ ಕೊಳವೆಯೇ. ಮದ್ದು ಉರಿದು ಮುಗಿದ ಮೇಲೆ ಸ್ವಲ್ಪ ಹೊತ್ತು ಮೆಲ್ಲಗೆ ಉರಿಯುವ ಪದರ, ಅದರ ಮೇಲೆ ಪುಟ್ಟ ಪ್ಯಾರಾಚೂಟನ್ನು ಹೊರಗೆ ನೂಕುವ ಒಂದು ಚಿಟಿಕೆ ಮದ್ದು. ಏರಿದ ರಾಕೆಟ್ಟು ಮೆಲ್ಲಗೆ ತೇಲಿ ಇಳಿಯುತ್ತಿತ್ತು.

ವೈಟ್ ಸ್ಯಾಂಡ್ಸ್ ಕ್ಷಿಪಣಿ ಕ್ಷೇತ್ರದಲ್ಲಿದ್ದ ಹ್ಯಾರಿ ಸ್ಟೈನ್ ಎಂಬ ಎಂಜಿನಿಯರು, ಎಳೆಯರು ಮನೆಯಲ್ಲಿ ರಾಕೆಟ್ ಮೋಟಾರು ಮಾಡುವುದರ ಅಪಾಯವನ್ನು ಕುರಿತು 1957ರ ಆರಂಭದಲ್ಲಿ ಪತ್ರಿಕೆಯೊಂದಕ್ಕೆ ಬರೆದಿದ್ದನು. ಅದನ್ನು ಓದಿದ ಕಾರ್ಲೈಲ್ ತನ್ನ ಮಾದರಿಗಳನ್ನು ಅವನಿಗೆ ಕಳುಹಿಸಿದನು. ಅದೇ ವರ್ಷ ಸ್ಟೈನನ ಮುಂದಾಳ್ತನದಲ್ಲಿ ಕಂಪನಿಯೂ ಹವ್ಯಾಸಿಗಳ ಸಂಘವೂ ಹುಟ್ಟಿದವು. 1958ರಲ್ಲಿ ವರ್ನನ್ ಎಸ್ಟಿಸ್ ಎಂಬಾತ ಕೆಲವೇ ಸೆಕೆಂಡುಗಳಿಗೊಂದು ಕಾಗದದ ಮೋಟಾರನ್ನು ಹೊರಹಾಕುವ ಯಂತ್ರವನ್ನು ಕಟ್ಟಿ, ಅದಕ್ಕೆ ಮೇಬಲ್ ಎಂದು ಹೆಸರಿಟ್ಟನು. ಸಂಘದ ನಿಯಮಾವಳಿಯಲ್ಲಿ ಮುಖ್ಯವಾದ ಮಾತು ಸರಳ: ರಾಕೆಟ್ಟನ್ನು ಹುಡುಗ ಮಾಡಲಿ, ಮೋಟಾರನ್ನು ಮಾತ್ರ ಕಾರ್ಖಾನೆ ಮಾಡಲಿ, ಕಡ್ಡಿ ಗೀರಿ ಹಚ್ಚದೆ, ದೂರ ನಿಂತು ವಿದ್ಯುತ್ತಿನಿಂದ ಹಚ್ಚಲಿ. ಇನ್ನು ಕೊಳವೆ ಕಾಗದದ್ದೇ ಏಕೆ? ಏಕೆಂದರೆ ಎಂದಾದರೊಂದು ದಿನ ಅದು ಸಿಡಿದೇ ಸಿಡಿಯುತ್ತದೆ. ಸಿಡಿದ ಕಾಗದ ಚಿಂದಿಯಾಗುತ್ತದೆ. ಸಿಡಿದ ಕಬ್ಬಿಣ ಗುಂಡಾಗುತ್ತದೆ. ಮೈಸೂರಿನ ಬಾಣಕ್ಕೆ ಕೀರ್ತಿ ತಂದ ಗುಣವೇ ಹಿತ್ತಲಿನಲ್ಲಿ ಪ್ರಾಣಾಂತಕವಾಗುವುದು ಹೀಗೆ.

ನಮ್ಮ ದೇಶದಲ್ಲಂತೂ 1884ರ ಸ್ಫೋಟಕ ಕಾಯಿದೆ ಇದೆ, 2008ರ ನಿಯಮಗಳಿವೆ. ಪರವಾನಗಿಯಿಲ್ಲದೆ ಮದ್ದು ತಯಾರಿಸುವುದು ಅಪರಾಧ. ಆದರೆ ಹದಿನಾಲ್ಕರ ಹುಡುಗನನ್ನು ಕಾಯಿದೆಯ ಹೆಸರು ಹೇಳಿ ತಡೆದವರನ್ನು ನಾನು ಕಂಡಿಲ್ಲ. ಅವನ ಕೈಗೆ ಬೇರೇನನ್ನಾದರೂ ಕೊಡಬೇಕು.

ಊರಿಗೆ ಹಿಂದಿರುಗಿದ ಮರುದಿನ ಕೊಟ್ಟೆವು. ಎರಡು ಲೀಟರಿನ ಸೋಡಾ ಪಾನೀಯದ ಖಾಲಿ ಪ್ಲಾಸ್ಟಿಕ್ ಬಾಟಲಿ. ನೀರು ಮಾರುವ ಬಾಟಲಿ ಒತ್ತಡವನ್ನು ತಾಳದು, ಗಾಜು ಅಥವಾ ಲೋಹದ್ದಂತೂ ಕೂಡದು. ಅದಕ್ಕೆ ರಟ್ಟಿನ ಮೂರು ರೆಕ್ಕೆ. ಮೂರನೆಯ ಒಂದು ಭಾಗ ನೀರು ತುಂಬಿ, ಚೆಂಡಿಗೆ ಗಾಳಿ ಹಾಕುವ ಸೂಜಿಯನ್ನು ತೂರಿಸಿದ ಬಿರಡೆಯನ್ನು ಬಿಗಿದು, ಬಾಟಲಿಯನ್ನು ತಲೆಕೆಳಗಾಗಿ ಮೂರು ಗೂಟಗಳ ನಡುವೆ ನಿಲ್ಲಿಸಿದೆವು. ಉದ್ದನೆಯ ರಬ್ಬರ್ ನಳಿಗೆಯ ಇನ್ನೊಂದು ತುದಿಗೆ ಸೈಕಲ್ ಪಂಪು. ಕಬ್ಬು ಕಡಿದ ಗದ್ದೆಯ ಬಯಲು. ಪಕ್ಕದಲ್ಲಿ ಒಣಗಿದ ತರಗೂ ಹುಲ್ಲಿನ ಮೆದೆಯೂ ಇದ್ದವು. ಬೆಂಕಿಯ ರಾಕೆಟ್ಟಾಗಿದ್ದರೆ ಅಲ್ಲಿ ಕಾಲಿಡುವಂತಿರಲಿಲ್ಲ. ಇಲ್ಲಿ ಒಳಗಿರುವುದು ಗಾಳಿ, ಹೊರಗೆ ಬರುವುದು ನೀರು. ಬರಿಯ ಗಾಳಿಗಿಂತ ನೀರು ಭಾರವಾದ್ದರಿಂದ ತಳ್ಳುವ ಬಲವೂ ಹೆಚ್ಚು.

ಮೊದಲನೆಯದು ಮಗ್ಗುಲಿಗೆ ಬಿದ್ದು ಅಕ್ಕನ ಸೀರೆಯನ್ನು ನೆನೆಸಿತು. ಎರಡನೆಯದು ಆಳೆತ್ತರ ಹೋಗಿ ಮಗುಚಿತು. ಮೂರನೆಯ ಸಲ ಬಿರಡೆಯನ್ನು ಇನ್ನಷ್ಟು ಬಿಗಿದು, ರೆಕ್ಕೆಗಳನ್ನು ನೆಟ್ಟಗೆ ಮಾಡಿ ಹುಡುಗ ಪಂಪು ಒತ್ತಿದನು. ‘ಥಪ್’ ಎಂಬ ಸದ್ದಿನೊಂದಿಗೆ ಬಾಟಲಿ ಎದ್ದು ತೆಂಗಿನಮರವನ್ನು ದಾಟಿತು! ಪಕ್ಕದವರ ಕಡಿಯದ ಕಬ್ಬಿನೊಳಗೆ ಹೋಗಿ ಬಿತ್ತು. ಅವನು ನುಗ್ಗಿ ಹುಡುಕಿ, ಗರಿಯ ಅಲಗಿನಿಂದ ತೋಳೆಲ್ಲ ಗೀರಿಸಿಕೊಂಡು, ಒಂದು ರೆಕ್ಕೆ ಮುರಿದ ಬಾಟಲಿಯನ್ನು ಎದೆಗವಚಿಕೊಂಡು ಬಂದನು.

“ಮಾವ, ನೀರು ಅರ್ಧ ತುಂಬುದ್ರೆ ಇನ್ನೂ ಮೇಲಕ್ಕೋದದಾ?”

ನನಗೆ ಗೊತ್ತಿತ್ತು, ಹೇಳಲಿಲ್ಲ. ಅವನು ಆಗಲೇ ಶಾಲೆಯ ನೋಟ್‌ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು, ‘ನೀರು’, ‘ಪಂಪು ಎಷ್ಟು ಸಲ’, ‘ಎತ್ತರ’ ಎಂದು ಮೂರು ಕಲಮು ಮಾಡಿಕೊಳ್ಳುತ್ತಿದ್ದನು. ಕಬ್ಬಿಣದ ಕೊಳವೆ ಈಗ ಅಕ್ಕನ ಕೊಟ್ಟಿಗೆಯಲ್ಲಿದೆ, ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಿಡಲು.