ನಾನು ಇಬ್ಬರಾದರೆ?

ದಮಯಂತಿಯ ಸ್ವಯಂವರದ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಇಂದ್ರ, ಅಗ್ನಿ, ವರುಣ, ಯಮ ಈ ನಾಲ್ವರೂ ನಳನ ರೂಪವನ್ನೇ ತಾಳಿ ಕುಳಿತಾಗ ಆಕೆಯ ಕಣ್ಣಿಗೆ ಐವರು ನಳರು ಕಂಡರು. ದೇವತೆಗಳು ಬೆವರುವುದಿಲ್ಲ, ರೆಪ್ಪೆ ಮಿಟುಕಿಸುವುದಿಲ್ಲ, ಅವರಿಗೆ ನೆರಳಿಲ್ಲ. ಈ ಗುರುತುಗಳಿಂದ ಆಕೆ ನಿಜವಾದ ನಳನನ್ನು ಕಂಡುಕೊಂಡಳು. ಆದರೆ ಐವರೂ ಬೆವರಿದ್ದರೆ? ಐವರಿಗೂ ನಳನ ಬಾಲ್ಯವೆಲ್ಲ ನೆನಪಿದ್ದು, ಪ್ರತಿಯೊಬ್ಬನೂ ತಾನೇ ನಳನೆಂದು ಪ್ರಾಮಾಣಿಕವಾಗಿ ನಂಬಿದ್ದರೆ ಆಕೆ ಮಾಲೆಯನ್ನು ಯಾರ ಕೊರಳಿಗೆ ಹಾಕಬೇಕಾಗಿತ್ತು? ಈ ಬಗೆಯ ಪ್ರಶ್ನೆ ತತ್ತ್ವಜ್ಞರನ್ನು ಬಹುಕಾಲದಿಂದ ಕಾಡುತ್ತಿದೆ. ಭೌತವಿಜ್ಞಾನಕ್ಕೂ ಇದರಲ್ಲಿ ಹೇಳಬೇಕಾದ ಮಾತುಂಟು.

ಆಕ್ಸ್‌ಫರ್ಡಿನ ತತ್ತ್ವಜ್ಞ ಡೆರೆಕ್ ಪಾರ್ಫಿಟ್ಟರು 1984ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಒಂದು ಕಲ್ಪನಾಪ್ರಯೋಗವನ್ನು ವರ್ಣಿಸಿದ್ದಾರೆ. ಪಯಣಿಗನೊಬ್ಬ ಭೂಮಿಯ ಮೇಲಿನ ಯಂತ್ರವೊಂದನ್ನು ಹೊಕ್ಕು ಗುಂಡಿಯನ್ನೊತ್ತುತ್ತಾನೆ. ಯಂತ್ರವು ಅವನ ಎಲ್ಲ ಜೀವಕೋಶಗಳ ಸ್ಥಿತಿಯನ್ನೂ ದಾಖಲಿಸಿಕೊಂಡು ದೇಹವನ್ನು ನಾಶಮಾಡುತ್ತದೆ. ಆ ವಿವರವು ರೇಡಿಯೋ ಅಲೆಗಳ ಮೂಲಕ ಮಂಗಳಗ್ರಹವನ್ನು ತಲುಪಿ, ಅಲ್ಲಿ ಬೇರೆ ದ್ರವ್ಯದಿಂದ ಅಂಥದೇ ದೇಹವು ರಚಿತವಾಗುತ್ತದೆ. ಆ ಬೆಳಿಗ್ಗೆ ಕ್ಷೌರದಲ್ಲಿ ಆದ ಗಾಯವೂ ತುಟಿಯ ಮೇಲೆ ಹಾಗೆಯೇ ಇದೆ! ಪಯಣಿಗನು ಪ್ರಯಾಣ ಮಾಡಿದನೆ, ಇಲ್ಲವೆ ಸತ್ತನೆ?

ಕಥೆಯ ಎರಡನೆಯ ಭಾಗ ಇನ್ನೂ ಕಠಿಣವಾದುದು. ಸುಧಾರಿತ ಯಂತ್ರವೊಂದು ಮೂಲದೇಹವನ್ನು ನಾಶಮಾಡದೆಯೇ ಪ್ರತಿಕೃತಿಯನ್ನು ಕಳುಹಿಸುತ್ತದೆ. ಆದರೆ ಅದರಿಂದ ಭೂಮಿಯವನ ಹೃದಯಕ್ಕೆ ಪೆಟ್ಟಾಗಿ, ಅವನು ಕೆಲವೇ ದಿನಗಳಲ್ಲಿ ಸಾಯುವನೆಂದು ತಿಳಿದುಬರುತ್ತದೆ. ಮಂಗಳದಲ್ಲಿರುವ ಪ್ರತಿಕೃತಿ ಅವನೊಡನೆ ಮಾತನಾಡಿ, ನಿನ್ನ ಹೆಂಡತಿ ಮಕ್ಕಳನ್ನು ನಾನು ನೋಡಿಕೊಳ್ಳುವೆನು, ನಿನ್ನ ಕೆಲಸವನ್ನು ನಾನು ಮುಗಿಸುವೆನು ಎಂದು ಸಂತೈಸುತ್ತಾನೆ. ಸಾಯಲಿರುವವನಿಗೆ ಇದು ಸಮಾಧಾನವಾಗಬೇಕೆ?

ದ್ರವ್ಯ ಬೇರೆಯಾದುದರಿಂದ ವ್ಯಕ್ತಿಯೂ ಬೇರೆ ಎಂದು ವಾಚಕರು ಒಡನೆಯೇ ಹೇಳಬಹುದು. ಈ ವಾದ ನಿಲ್ಲದು. ನಮ್ಮ ದೇಹದ ನೀರಿನಲ್ಲಿ ಅರ್ಧದಷ್ಟು ಸುಮಾರು 10 ದಿನಗಳಲ್ಲಿ ಬದಲಾಗುತ್ತದೆ. ರಕ್ತದ ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಮಿದುಳಿನ ನರಕೋಶಗಳು ದೀರ್ಘಾಯುಗಳೇ ಆದರೂ ಅವುಗಳೊಳಗಿನ ದ್ರವ್ಯದ ಬಹುಭಾಗ ಬದಲಾಗುತ್ತಲೇ ಇರುತ್ತದೆ. ಇದಕ್ಕಿಂತಲೂ ಆಳವಾದ ಕಾರಣವೊಂದುಂಟು. ಎರಡು ಗೋಲಿಗಳನ್ನು ಎರಡು ಡಬ್ಬಿಗಳಲ್ಲಿ ಇಡುವ ಬಗೆಗಳು ನಾಲ್ಕು. ಬೆಳಕಿನ ಕಣಗಳಾದರೆ ಆ ಬಗೆಗಳು ಮೂರೇ. ಏಕೆಂದರೆ 'ಇದು ಇಲ್ಲಿ, ಅದು ಅಲ್ಲಿ' ಎಂಬುದಕ್ಕೂ 'ಅದು ಇಲ್ಲಿ, ಇದು ಅಲ್ಲಿ' ಎಂಬುದಕ್ಕೂ ಭೇದವೇ ಇಲ್ಲ. ಸತ್ಯೇಂದ್ರನಾಥ ಬೋಸರು 1924ರಲ್ಲಿ ತೋರಿಸಿಕೊಟ್ಟ ಎಣಿಕೆಯ ತಿರುಳು ಇದೇ. ಇಲೆಕ್ಟ್ರಾನುಗಳ ಎಣಿಕೆ ಬೇರೆ ಬಗೆಯದು. ಆದರೂ ಅವುಗಳಲ್ಲಿ ಒಂದಕ್ಕೆ ಮತ್ತೊಂದರಿಂದ ಬೇರ್ಪಡಿಸುವ ಗುರುತಿಲ್ಲ. ನಮ್ಮ ಇಲೆಕ್ಟ್ರಾನು, ಮಂಗಳದ ಇಲೆಕ್ಟ್ರಾನು ಎಂಬ ಮಾತಿಗೆ ಪ್ರಕೃತಿಯಲ್ಲಿ ಅರ್ಥವಿಲ್ಲ.

ಇನ್ನೊಂದು ನಿಯಮ ಕಥೆಗೆ ಅಡ್ಡಬರುವಂತೆ ತೋರುತ್ತದೆ. ಅಜ್ಞಾತವಾದ ಕ್ವಾಂಟಂ ಸ್ಥಿತಿಯೊಂದರ ಯಥಾವತ್ತಾದ ನಕಲು ಅಸಾಧ್ಯವೆಂದು 1982ರಲ್ಲಿ ವೂಟರ್ಸ್ ಮತ್ತು ಜುರೆಕ್, ಸ್ವತಂತ್ರವಾಗಿ ಡೀಕ್ಸ್, ಸಾಧಿಸಿ ತೋರಿಸಿದರು. ಸ್ಥಿತಿಯನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಬಹುದು, ಆದರೆ ಮೂಲದಲ್ಲಿ ಅದು ಅಳಿಯಲೇಬೇಕು ಎಂದು 1993ರಲ್ಲಿ ಆರು ಮಂದಿ ವಿಜ್ಞಾನಿಗಳು ಗಣಿತದಿಂದ ತೋರಿಸಿದರು. 1997ರಲ್ಲಿ ಬೆಳಕಿನ ಕಣಗಳ ಮೇಲಿನ ಪ್ರಯೋಗದ ಫಲಿತಾಂಶವೂ ಪ್ರಕಟವಾಯಿತು. ಹಾಗಾದರೆ ಮೊದಲನೆಯ ಯಂತ್ರಕ್ಕೆ ಪ್ರಕೃತಿಯ ಅಪ್ಪಣೆಯುಂಟು, ಎರಡನೆಯದಕ್ಕಿಲ್ಲ, ಸಮಸ್ಯೆ ಕಳೆಯಿತು ಎಂದು ಸಂತೋಷಪಡಬಹುದೆ? ಪಡುವಂತಿಲ್ಲ. ದೇಹದ ಅಣುಗಳು ಕ್ಷಣಕ್ಷಣವೂ ಒಂದನ್ನೊಂದು ತಾಕುತ್ತ ಅವುಗಳ ಕ್ವಾಂಟಂ ಸ್ಥಿತಿ ಬದಲಾಗುತ್ತಲೇ ಇದ್ದರೂ ನಾವು ಕ್ಷಣಕ್ಷಣವೂ ಸಾಯುತ್ತಿರುವೆವೆಂದು ಯಾರೂ ಹೇಳರು. ನರಕೋಶಗಳ ಜೋಡಣೆ ಉಳಿದರೆ ನೆನಪೂ ಸ್ವಭಾವವೂ ಉಳಿಯುವುದಾದರೆ, ಅಷ್ಟರಮಟ್ಟಿನ ನಕಲನ್ನು ಈ ನಿಯಮ ತಡೆಯಲಾರದು. ಅದನ್ನು ಮಾಡುವ ಕೌಶಲ ನಮಗಿಲ್ಲವೆಂಬುದು ಬೇರೆ ಮಾತು.

ಹಾಗಾದರೆ ಇಬ್ಬರಲ್ಲಿ ಹಳಬನು ಯಾರು? ಒಂದಕ್ಕೇ ಸಮವಾದವುಗಳು ಪರಸ್ಪರವೂ ಸಮ ಎಂಬುದನ್ನು ರೇಖಾಗಣಿತದಲ್ಲಿ ಓದಿದ್ದೇವಷ್ಟೆ. ಮಂಗಳದವನೂ ಹಳಬನೇ, ಭೂಮಿಯವನೂ ಹಳಬನೇ ಎಂದರೆ ಅವರಿಬ್ಬರೂ ಒಬ್ಬನೇ ಆಗಬೇಕು. ಆದರೆ ಒಬ್ಬನ ಕಾಲಿಗೆ ಮುಳ್ಳು ಚುಚ್ಚಿದರೆ ಇನ್ನೊಬ್ಬನಿಗೆ ನೋಯದು. ಬರ್ನಾರ್ಡ್ ವಿಲಿಯಮ್ಸ್ ಎಂಬ ತತ್ತ್ವಜ್ಞರು 1950ರ ದಶಕದಲ್ಲಿಯೇ ಇಂಥ ಆಕ್ಷೇಪವನ್ನು ಎತ್ತಿದ್ದರು. ಪಾರ್ಫಿಟ್ಟರು ಇದನ್ನು ಒಪ್ಪಿ ಮುಂದಕ್ಕೆ ಹೋಗುತ್ತಾರೆ. ಇಬ್ಬರಾದಾಗ ಏಕತ್ವ ಹೋಯಿತು, ನಿಜ. ಆದರೆ ಹೋದದ್ದರಿಂದ ನಷ್ಟವೇನು? ಮಂಗಳದವನೊಬ್ಬನೇ ಇದ್ದಿದ್ದರೆ ಯಾವುದು ಉಳಿಯುತ್ತಿತ್ತೋ ಅದೆಲ್ಲವೂ ಅವನಲ್ಲಿ ಈಗಲೂ ಇದೆ. ಆದುದರಿಂದ ನಾವು ಆಸೆಪಡಬೇಕಾದುದು ಏಕತ್ವವನ್ನಲ್ಲ; ನೆನಪು, ಸಂಕಲ್ಪ, ಸ್ವಭಾವಗಳ ಮುಂದುವರಿಕೆಯನ್ನು ಎಂಬುದು ಅವರ ನಿರ್ಣಯ.

ಈ ಕಥೆಯನ್ನು ನಾವು ಒಮ್ಮೆ ಬಿ.ಎಸ್‌ಸಿ. ತರಗತಿಯಲ್ಲಿ ಹೇಳಿದೆವು. ಪ್ರಯೋಗದ ರೆಕಾರ್ಡನ್ನು ಎಂದೂ ಹೊತ್ತಿಗೆ ಸರಿಯಾಗಿ ಒಪ್ಪಿಸದ ವಿದ್ಯಾರ್ಥಿಯೊಬ್ಬನು ಎದ್ದು, "ಅಂಥ ಯಂತ್ರವಿದ್ದರೆ ರೆಕಾರ್ಡು ಬರೆಯಲು ಪ್ರತಿಕೃತಿಯನ್ನು ಕೂರಿಸಿ ನಾನು ಸಿನಿಮಾಕ್ಕೆ ಹೋಗುತ್ತೇನೆ, ಸಾರ್" ಎಂದನು. ಹಿಂದಿನ ಬೆಂಚಿನಿಂದ ಅವನ ಗೆಳೆಯ, "ಅವನೂ ಹಾಗೇ ಅಂದುಕೊಂಡು ಹೊರಗೆ ಬರ್ತಾನಲ್ಲೋ! ಇಬ್ಬರೂ ಥಿಯೇಟರಿನಲ್ಲೇ ಸಿಗ್ತೀರಿ" ಎಂದನು. ತರಗತಿಯೆಲ್ಲ ನಕ್ಕಿತು. ಆದರೆ ಆ ಗೆಳೆಯನ ಮಾತಿನಲ್ಲಿ ನಮ್ಮ ಅರ್ಧಗಂಟೆಯ ಉಪನ್ಯಾಸಕ್ಕಿಂತ ಹೆಚ್ಚು ಸಾರವಿತ್ತು. ಗುಂಡಿಯನ್ನೊತ್ತುವ ಮುನ್ನ 'ನಾನು' ಎಂದು ಎಣಿಸಿದ್ದರಲ್ಲಿ ಇಬ್ಬರೂ ಅಡಗಿದ್ದಾರೆ. ಪ್ರತಿಕೃತಿಗೆ ಕೇಡು ಬಗೆಯುವವನು ಕಣ್ದೆರೆದಾಗ ತಾನೇ ಪ್ರತಿಕೃತಿಯಾಗಿರಬಹುದು. ಒತ್ತಿದ ಮರುಕ್ಷಣದಿಂದಲಾದರೋ ಹಾಲ್ ಟಿಕೆಟ್ಟು ಒಂದೇ, ಹಕ್ಕುದಾರರು ಇಬ್ಬರು, ಸ್ವಹಿತವು ಸೀಳಿಹೋಗಿದೆ.

ನಮಗೆ ಪಾರ್ಫಿಟ್ಟರ ಮಾತು ಅರ್ಧ ಮಾತ್ರ ಹಿಡಿಸುವುದು ಇದರಿಂದಲೇ. ಒತ್ತುವ ಮುನ್ನ ಅವರ ಸಮಾಧಾನ ನ್ಯಾಯವಾದುದು. ಒತ್ತಿದ ಮೇಲೆ ಭೂಮಿಯಲ್ಲಿ ಉಳಿದವನ ಎದೆನೋವನ್ನು ಮಂಗಳದವನು ಅನುಭವಿಸುವುದಿಲ್ಲ, ಅವನ ಆ ಕಡೆಯ ದಿನಗಳ ನೆನಪು ಯಾರಲ್ಲಿಯೂ ಮುಂದುವರಿಯುವುದಿಲ್ಲ. ಅವನ ಭಯವನ್ನು ತಪ್ಪುತಿಳಿವಳಿಕೆಯೆಂದು ತಳ್ಳಿಹಾಕಲು ನಮ್ಮಿಂದಾಗದು.

ಮುಂದುವರಿಕೆಯಲ್ಲಿ ಹೆಚ್ಚುಕಡಿಮೆಗಳುಂಟೆಂಬುದಂತೂ ದಿಟ. ಅದಕ್ಕೆ ಯಂತ್ರವೂ ಬೇಕಾಗಿಲ್ಲ. ಐವತ್ತು ವರ್ಷಗಳ ತರುವಾಯ ನರಳಬೇಕಾದೀತೆಂದು ತಿಳಿದೂ ಲೆಕ್ಕಿಸದೆ ಸಿಗರೇಟು ಸೇದತೊಡಗುವ ಹುಡುಗನನ್ನು ಪಾರ್ಫಿಟ್ಟರು ಉದಾಹರಿಸುತ್ತಾರೆ. ಆ ಮುದುಕನು ತನಗೆ ಪರಕೀಯನೆಂಬಂತೆ ಹುಡುಗನು ನಡೆದುಕೊಳ್ಳುತ್ತಾನೆ. ಹಾಗಿದ್ದರೆ ಅದು ಬರಿಯ ಅವಿವೇಕವಲ್ಲ, ಪರಪೀಡೆಯಂಥ ತಪ್ಪು ಎಂದು ಅವರ ವಾದ.

ನಮ್ಮ ವಿದ್ಯಾರ್ಥಿಯು ಮುಂದಿನ ವಾರವೂ ರೆಕಾರ್ಡಿಲ್ಲದೆಯೇ ಬಂದನು. ಬರೆದು ತರುವೆನೆಂದು ಮಾತು ಕೊಟ್ಟವನು ಕಳೆದ ವಾರದವನು, ತಾನು ಬೇರೆ ಎಂದು ವಾದಿಸಿದನು. ಕಿರುಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವನೂ ಕಳೆದ ವಾರದವನೇ ಎಂದು ನಾವು ನೆನಪಿಸಿದೊಡನೆ ವಾದವನ್ನು ಹಿಂತೆಗೆದುಕೊಂಡನು.